ಜ್ವರ ಬಂದ ಊರಿನ ಹೆಸರು

ಆಫ್ರಿಕಾದ ಘಾನಾಕ್ಕೆ ಹೊರಟಿದ್ದ ಹನ್ನೆರಡು ಜನ ಗಂಡಸರೂ ಒಬ್ಬ ಅಡುಗೆಯವಳೂ ಪಾನ್ ಡಾಕ್ಟರ ಮುಂದೆ ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಯಾರಿಗೂ ಅಲ್ಲಿ ಕೂರುವ ಮನಸ್ಸಿರಲಿಲ್ಲ. ರಾಜಧಾನಿ ನಾನ್ನಿಂಗ್‌ಗೆ ಹೋಗಿ ಹಳದಿ ಜ್ವರದ ಸೂಜಿ ಚುಚ್ಚಿಸಿಕೊಂಡು, ಅದರ ಪುಟ್ಟ ಪುಸ್ತಕವನ್ನೂ ಮುದ್ರೆ ಸಮೇತ ತಂದಾಗಿತ್ತು. ಇನ್ನು ಈ ಮುದುಕನದೇನು ಎಂದು ಗಂಡಸರು ಗಡಿಯಾರ ನೋಡುತ್ತಿದ್ದರು.

ಜಿಲ್ಲೆಯ ರೋಗನಿಯಂತ್ರಣ ಕಚೇರಿಯ ಪಾನ್ ಡಾಕ್ಟರಿಗೆ ನಿವೃತ್ತಿಗೆ ಒಂದೇ ವರ್ಷ ಬಾಕಿ. ಹರೆಯದಲ್ಲಿ ದಕ್ಷಿಣ ಚೀನಾದ ಇದೇ ಗುವಾಂಗ್‌ಶಿ ಪ್ರಾಂತ್ಯದ ಗುಡ್ಡಗಳಲ್ಲಿ ಹಳ್ಳಿ ಹಳ್ಳಿ ತಿರುಗಿ, ಜನರ ಬೆರಳಿನಿಂದ ರಕ್ತ ತೆಗೆದು ಮಲೇರಿಯಾ ಹುಡುಕಿದ ಮನುಷ್ಯ. ಈಗ ಊರಲ್ಲಿ ಆ ಕಾಯಿಲೆ ಇಲ್ಲ. ಆದರೆ ಊರಿನವರು ಅದಿರುವ ಕಡೆಗೇ ಹೊರಟು ನಿಲ್ಲುತ್ತಾರೆ ಎಂಬುದು ಅವರ ತಲೆನೋವು.

"ಎಲ್ಲಿಗೆ ಹೋಗ್ತಿದೀರಿ?" ಎಂದು ಕೇಳಿದರು.

"ಘಾನಾ," ಅಂದ ಶಾವ್‌ಕುನ್. ತಂಡದ ಮೇಸ್ತ್ರಿ ಅವನೇ.

"ಘಾನಾ ಅಂದ್ರೆ ನಿಮ್ಮಜ್ಜಿ ಹಿತ್ತಲಾ? ಪಟ್ಟಣವೋ ಹಳ್ಳಿಯೋ? ನದಿ ಪಕ್ಕವೋ? ಮಳೆಗಾಲದಲ್ಲಿ ಇರ್ತೀರೋ? ಮಲಗೋದು ಗೋಡೆ ಇರೋ ಮನೇಲೋ, ತಗಡಿನ ಡಬ್ಬದಲ್ಲೋ?"

ಶಾವ್‌ಕುನ್ ತಲೆ ಕೆರೆದುಕೊಂಡ. ಯಜಮಾನ ಮೋ ದೆಫಾ ಹೇಳಿದ್ದು ಇಷ್ಟೇ: ಸೇತುವೆ ಕೆಲಸ, ಎಂಟು ತಿಂಗಳು, ತಂಗಲು ಒಳ್ಳೆ ಜಾಗ, ಸೊಳ್ಳೆ ಗಿಳ್ಳೆ ಏನೂ ಇಲ್ಲ.

"ಸೇತುವೆ ಕಟ್ಟೋದು ನದಿಗೆ ತಾನೇ?" ಎಂದವಳು ಬೆಂಚಿನ ಕೊನೆಯಲ್ಲಿ ಕೂತಿದ್ದ ಅಡುಗೆಯವಳು. "ಅಂದ್ಮೇಲೆ ನೀರಿರತ್ತೆ. ನೀರಿದ್ರೆ ಸೊಳ್ಳೆ ಇರತ್ತೆ. ಇದಕ್ಕೆ ಯಜಮಾನರನ್ನ ಯಾಕೆ ಕೇಳ್ಬೇಕು?"

ಡಾಕ್ಟರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ಹೆಸರು ನೋಂಗ್ ಲಿಯನ್‌ಫೆಂಗ್. ವಯಸ್ಸು ನಲವತ್ತೇಳು. ಶಾವ್‌ಕುನ್‌ನ ಅಣ್ಣನನ್ನು ಮದುವೆಯಾಗಿ, ಆರು ವರ್ಷದ ಹಿಂದೆ ಅವನನ್ನು ಕಳೆದುಕೊಂಡು, ಆಮೇಲೆ ಕಟ್ಟಡ ಕೆಲಸದವರಿಗೆ ಅನ್ನ ಬೇಯಿಸಿಕೊಂಡು ಬದುಕಿದ ಹೆಂಗಸು. ತಂಡದವರೆಲ್ಲ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು.

ಉಳಿದವರು ಹೋದಮೇಲೂ ಡಾಕ್ಟರು ಅವಳನ್ನು ಒಂದು ಗಂಟೆ ಕೂರಿಸಿಕೊಂಡರು. ಆ ಭಾಗದಲ್ಲಿ ವರ್ಷವಿಡೀ ಮಲೇರಿಯಾ ಇದೆ, ಅದರಲ್ಲೂ ಕೊಲ್ಲುವ ಜಾತಿಯದೇ ಹೆಚ್ಚು ಎಂದರು. ಆ ಸೊಳ್ಳೆ ಕಚ್ಚುವುದು ಹೊತ್ತು ಮುಳುಗಿದ ಮೇಲಿಂದ ಬೆಳಗಾಗುವವರೆಗೆ. ಅದರ ಮರಿ ನಿಂತ ನೀರಿನ ಮೈಗೆ ಅಂಟಿಕೊಂಡು ಅಡ್ಡಡ್ಡ ಮಲಗಿರುತ್ತದೆ ಎಂದು ಚಿತ್ರ ಬರೆದು ತೋರಿಸಿದರು. ಹದಿಮೂರು ಜನರಿಗೂ ಮದ್ದು ಹಾಕಿದ ಸೊಳ್ಳೆಪರದೆ, ಮಲೇರಿಯಾ ತಡೆಯಲು ದಿನಕ್ಕೊಂದರಂತೆ ನುಂಗುವ ಡಾಕ್ಸಿ ಮಾತ್ರೆ, ಬೆರಳು ಚುಚ್ಚಿ ನೋಡುವ ಪಟ್ಟಿಗಳು, ಎಲ್ಲ ಪೆಟ್ಟಿಗೆ ಕಟ್ಟಿಕೊಟ್ಟರು.

"ಊಟ ಆದ್ಮೇಲೆ ನುಂಗಿಸು. ತುಂಬಾ ನೀರು ಕುಡೀಲಿ. ನುಂಗಿದ ತಕ್ಷಣ ಮಲಗೋ ಹಾಗಿಲ್ಲ. ಬಿಸಿಲಿಗೆ ಮೈ ಬೇಗ ಸುಡತ್ತೆ, ತೋಳುದ್ದದ ಅಂಗಿ ಹಾಕಿಸು. ಮಾತ್ರೆ ನುಂಗಿದ್ರೂ ನೂರಕ್ಕೆ ನೂರು ಗ್ಯಾರಂಟಿ ಇಲ್ಲ, ಪರದೆ ಬಿಡಬಾರದು. ಇನ್ನೊಂದು ಮಾತು. ವಾಪಸ್ ಬಂದ್ಮೇಲೂ ನಾಲ್ಕು ವಾರ ನುಂಗ್ಬೇಕು. ಇದನ್ನೇ ಎಲ್ಲರೂ ಮರೆಯೋದು."

"ವಾಪಸ್ ಬಂದ್ಮೇಲೆ ಯಾಕೆ? ಇಲ್ಲಿ ಆ ಸೊಳ್ಳೆನೇ ಇಲ್ವಲ್ಲ?"

"ರೋಗ ಸೊಳ್ಳೆ ಜೊತೆ ಬರಲ್ಲಮ್ಮ, ನಿಮ್ಮ ಮೈಯೊಳಗೆ ಬರತ್ತೆ. ಕೊನೇ ದಿನ ಕಚ್ಚಿದ್ದು ಇಲ್ಲಿಗೆ ಬಂದು ಎರಡು ವಾರಕ್ಕೆ ಏಳಬಹುದು. ಜ್ವರ ಬಂದ್ರೆ ಯಾವ ಡಾಕ್ಟರ ಮುಂದೆ ಕೂತ್ರೂ ಮೊದಲು ಹೇಳ್ಬೇಕಾದ್ದು ಹೋಗಿದ್ದ ಊರಿನ ಹೆಸರು."

ಅಲ್ಲಿಗೆ ಹೋಗಿ ನೋಡಿದರೆ ತಂಗುವ ಒಳ್ಳೆ ಜಾಗ ಎಂದರೆ ನದಿಯಿಂದ ಇನ್ನೂರು ಹೆಜ್ಜೆ ದೂರದಲ್ಲಿ ಇಟ್ಟಿದ್ದ ಸರಕು ಸಾಗಿಸುವ ನಾಲ್ಕು ಕಬ್ಬಿಣದ ಕಂಟೇನರ್ ಡಬ್ಬಗಳು. ಮೋ ಯಜಮಾನನು ಪಟ್ಟಣದ ಹೋಟೆಲಿನಲ್ಲಿ ಉಳಿದುಕೊಂಡು ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ಲಾರಿಗಳು ಓಡಾಡಿ ಆದ ಗಾಲಿಗುಂಡಿಗಳಲ್ಲಿ ಮಳೆನೀರು ನಿಂತಿತ್ತು. ಲಿಯನ್‌ಫೆಂಗ್ ಮೊದಲ ಬೆಳಗ್ಗೆಯೇ ಒಂದು ಬಟ್ಟಲಲ್ಲಿ ಆ ನೀರು ಮೊಗೆದು ಬಿಸಿಲಿಗೆ ಹಿಡಿದಳು. ಚಿತ್ರದಲ್ಲಿ ಕಂಡ ಹಾಗೆಯೇ ಹುಳುಗಳು ನೀರಿನ ಮೈಗೆ ಅಡ್ಡಡ್ಡ ಮಲಗಿದ್ದವು.

ಆ ಬಟ್ಟಲನ್ನು ಅವಳು ಗಂಡಸರ ಊಟದ ಮೇಜಿನ ನಡುವೆ ತಂದಿಟ್ಟಳು.

"ಥೂ! ಇದೇನ್ ಅತ್ತಿಗೆ, ಸಾರಾ?" ಅಂದ ಲುವೊ ಪಿಂಗ್. ತಂಡದಲ್ಲಿ ಬಾಯಿ ಸುಮ್ಮನಿರದವನು ಅವನೊಬ್ಬ.

"ನಾಳೆ ಸಾಯಂಕಾಲ ರೆಕ್ಕೆ ಬರತ್ತೆ, ನಿನ್ನನ್ನೇ ಹುಡುಕ್ಕೊಂಡು ಬರತ್ತೆ. ಊಟ ಮುಗಿಸಿ ಎಲ್ಲಾರೂ ಜಲ್ಲಿ ಎತ್ತಿ ಗುಂಡಿ ತುಂಬಿ. ಕತ್ತಲಾಗೋದ್ರೊಳಗೆ ಒಂದು ಗುಂಡಿಲೂ ನೀರು ನಿಲ್ಲಬಾರದು."

"ನಾವು ಸೊಳ್ಳೆ ನಡುವೆನೇ ಹುಟ್ಟಿ ಬೆಳೆದೋರು. ನಮ್ಮದು ಎಮ್ಮೆ ಚರ್ಮ."

"ಎಮ್ಮೆಗೆ ಹುಲ್ಲು ಹಾಕ್ತೀನಿ. ಮನುಷ್ಯರಿಗೆ ಮಾತ್ರ ಹುಳಿ ಕಳಲೆ."

ಅವಳ ಕೈಯಲ್ಲಿದ್ದ ಅಧಿಕಾರ ಅದೊಂದೇ. ಊರಿಂದ ಎರಡು ಜಾಡಿ ಹುಳಿ ಬರಿಸಿದ ಬಿದಿರಿನ ಕಳಲೆ ತಂದಿದ್ದಳು. ಆ ವಾಸನೆ ಮೂಗಿಗೆ ಬಡಿದರೆ ಗಂಡಸರಿಗೆ ತಮ್ಮ ತಮ್ಮ ಮನೆಯ ಒಲೆ ನೆನಪಾಗುತ್ತಿತ್ತು. ರಾತ್ರಿಯೂಟದ ಕೊನೆಗೆ ಅವಳು ಮಾತ್ರೆ ಡಬ್ಬಿ ಹಿಡಿದು ಮೇಜಿನ ಸುತ್ತ ಬರುವಳು. ನುಂಗದವನಿಗೆ ಮರುದಿನ ಬರೀ ಗಂಜಿ. ಶಾವ್‌ಕುನ್ ನಾಲಿಗೆ ಕೆಳಗೆ ಬಚ್ಚಿಟ್ಟು ಆಚೆ ಹೋಗಿ ಉಗಿಯುವುದು ತಿಳಿದ ಮೇಲೆ ಅವನನ್ನು ಎಲ್ಲರ ಎದುರಿಗೇ ನಿಲ್ಲಿಸಿದಳು.

"ಬಾಯಿ ತೆಗಿ."

"ಅತ್ತಿಗೆ, ನಾನು ಮೇಸ್ತ್ರಿ. ನನಗೂ ಒಂದು ಮರ್ಯಾದೆ..."

"ಮೇಸ್ತ್ರಿ ಬಾಯೇ ಮೊದಲು ತೆಗೀಬೇಕು. ಆ ಅನ್ನು. ನಾಲಿಗೆ ಎತ್ತು."

ಗಂಡಸರು ಬಿದ್ದು ಬಿದ್ದು ನಕ್ಕರು. ಶಾವ್‌ಕುನ್‌ನ ಕಿವಿ ಕೆಂಪಾಯಿತು. ಆದರೆ ಅಂದಿನಿಂದ ನುಂಗಿದ.

ಇಸ್ಪೀಟು ಮೇಜನ್ನು ಪರದೆ ಕಟ್ಟಿದ ಊಟದ ಡಬ್ಬದೊಳಕ್ಕೆ ಎಳೆಸಿದಳು. ಸಂಜೆಯಾದರೆ ಬರಿಮೈಯಲ್ಲಿ ಹೊರಗೆ ಕೂರುವವನ ಹೆಗಲ ಮೇಲೆ ಅಂಗಿ ಎಸೆಯುವಳು. ಯಾರಿಗಾದರೂ ಮೈ ಬಿಸಿಯಾದರೆ ಬೆರಳು ಚುಚ್ಚುವಳು. ಎಂಟು ತಿಂಗಳಲ್ಲಿ ಏಳು ಸಲ ಚುಚ್ಚಿದಳು. ಏಳು ಸಲವೂ ಪಟ್ಟಿಯ ಮೇಲೆ ಒಂದೇ ಗೆರೆ ಮೂಡಿತು. ಒಂದು ಗೆರೆ ಎಂದರೆ ಮಲೇರಿಯಾ ಇಲ್ಲ, ಎರಡಾದರೆ ಇದೆ.

ಅವಳ ಮನಸ್ಸಿನಲ್ಲೂ ಒಮ್ಮೆ ಅನುಮಾನ ಸುಳಿಯಿತು. ಒಣಮೀನು, ಮರಗೆಣಸು ತಂದುಕೊಡುತ್ತಿದ್ದ ಆ ಊರಿನ ಎಫುವಾ ಎಂಬ ಹೆಂಗಸು ಒಂದು ದಿನವೂ ಮಾತ್ರೆ ನುಂಗಿದ್ದನ್ನು ಅವಳು ಕಂಡಿರಲಿಲ್ಲ. ಇವರೆಲ್ಲ ಆರಾಮಾಗಿದ್ದಾರಲ್ಲ ಎಂದು ಗಂಡಸರು ಎಫುವಾಳನ್ನೇ ತೋರಿಸಿ ಗೊಣಗುತ್ತಿದ್ದರು. ಒಂದು ಮಧ್ಯಾಹ್ನ ಲಿಯನ್‌ಫೆಂಗ್ ಮಾತ್ರೆ ಡಬ್ಬಿ ತೋರಿಸಿ, ನಿನಗೆ ಬೇಡವೇ ಎಂದು ಕೈಸನ್ನೆಯಲ್ಲಿ ಕೇಳಿದಳು. ಎಫುವಾ ತನ್ನ ಎದೆ ತಟ್ಟಿಕೊಂಡು ನಡುಗಿ ತೋರಿಸಿದಳು, ಆಮೇಲೆ ಬೆವರು ಒರೆಸಿ ಎದ್ದು ನಿಂತು ತೋರಿಸಿದಳು. ದೊಡ್ಡವರಿಗೆ ಬರುತ್ತದೆ, ಹೋಗುತ್ತದೆ. ಆಮೇಲೆ ನಾಲ್ಕು ಬೆರಳು ಎತ್ತಿ, ಸೊಂಟದೆತ್ತರಕ್ಕೆ, ಮೊಣಕಾಲೆತ್ತರಕ್ಕೆ ಕೈ ಹಿಡಿದು ತನ್ನ ಮಕ್ಕಳನ್ನು ಎಣಿಸಿದಳು. ನಾಲ್ಕನೆಯ ಬೆರಳನ್ನು ಮೆಲ್ಲಗೆ ಮಡಿಸಿದಳು.

ಲಿಯನ್‌ಫೆಂಗ್ ಅವಳ ಬುಟ್ಟಿ ಇಳಿಸಿಕೊಂಡು ಪಕ್ಕದಲ್ಲಿ ಕೂತಳು. ಹುಟ್ಟಿದಾಗಿನಿಂದ ಕಚ್ಚಿಸಿಕೊಂಡು ಬದುಕುಳಿದ ಮೈ ಬೇರೆ, ನಿನ್ನೆ ವಿಮಾನ ಇಳಿದ ಮೈ ಬೇರೆ. ಬದುಕುಳಿಯುವುದಕ್ಕೂ ಇಲ್ಲಿಯವರು ಏನು ತೆತ್ತಿದ್ದಾರೆ ಎಂಬುದನ್ನು ಅವಳು ಗಂಡಸರಿಗೆ ಅದೇ ರಾತ್ರಿ ಊಟಕ್ಕೆ ಮುಂಚೆ ಹೇಳಿದಳು. ಅಂದು ಯಾರೂ ಗೊಣಗಲಿಲ್ಲ.

ಕೆಲಸ ಮುಗಿಯಿತು. ಹೋದ ಹದಿಮೂರು ಜನವೂ ನೆಟ್ಟಗೆ ವಾಪಸಾದರು. ಅದೇ ಎಡವಟ್ಟಾಯಿತು. ಒಬ್ಬನಿಗೂ ಏನೂ ಆಗಲಿಲ್ಲವಲ್ಲ, ಅತ್ತಿಗೆ ಸುಮ್ಮನೆ ಹೆದರಿಸಿದಳು ಎಂಬ ಮಾತು ವಿಮಾನದಲ್ಲೇ ಶುರುವಾಗಿತ್ತು. ಬೀಳ್ಕೊಡುವ ಮುನ್ನ ಅವಳು ಹನ್ನೆರಡು ಜನರ ಕೈಗೂ ಇಪ್ಪತ್ತೆಂಟು ಮಾತ್ರೆಯ ಪೊಟ್ಟಣ ಕೊಟ್ಟಳು. ಎಲ್ಲರೂ ಜೇಬಿಗೆ ಹಾಕಿಕೊಂಡರು. ಹೊಟ್ಟೆಗೆ ಎಷ್ಟು ಜನ ಹಾಕಿಕೊಂಡರೋ ನೋಡಲು ಈಗ ಒಂದೇ ಊಟದ ಮೇಜು ಇರಲಿಲ್ಲ.

ಬಂದ ಹನ್ನೆರಡನೆಯ ದಿನ ಚಾಂದ್ರಮಾನದ ಮೂರನೇ ತಿಂಗಳ ಮೂರನೇ ದಿನದ ಹಬ್ಬ. ಐದು ಬಣ್ಣದ ಅನ್ನ ಬೇಯಿಸಿ, ಹಿರಿಯರ ಸಮಾಧಿಗೆ ಎಡೆ ಇಟ್ಟು ಬರಬೇಕು. ಗಂಡನ ಸಮಾಧಿಯ ಕಳೆ ಕೀಳುತ್ತ ಲಿಯನ್‌ಫೆಂಗ್ ಕಾದಳು. ಶಾವ್‌ಕುನ್ ಬರಲಿಲ್ಲ. ಅಣ್ಣನ ಎಡೆಗೆ ಅವನು ಯಾವತ್ತೂ ತಪ್ಪಿಸಿದವನಲ್ಲ. ಅವನ ಮನೆಗೆ ಫೋನ್ ಮಾಡಿದರೆ ಪಕ್ಕದ ಮನೆಯವಳು ಎತ್ತಿ, ಮೂರು ದಿನದಿಂದ ಜ್ವರವಂತೆ, ನಿನ್ನೆ ಜಿಲ್ಲಾಸ್ಪತ್ರೆಗೆ ಸೇರಿಸಿದ್ದಾರೆ ಎಂದಳು.

ಬುಟ್ಟಿಯನ್ನು ಅಲ್ಲೇ ಇಟ್ಟು ಅವಳು ಬಸ್ಸು ಹಿಡಿದಳು.

ಶಾವ್‌ಕುನ್‌ನ ಕಣ್ಣು ಹಳದಿಗಟ್ಟಿತ್ತು. ತುಟಿ ಒಡೆದಿತ್ತು. ಜ್ವರದ ಮಂಪರಿನಲ್ಲಿ ಅವಳನ್ನು ನೋಡಿ, "ಅಮ್ಮಾ, ಜಲ್ಲಿ ಇನ್ನೂ ಬಂದಿಲ್ಲ" ಎಂದ. ಅವನ ಹೆಂಡತಿ ಯುಚಿನ್ ಮಂಚದ ಪಕ್ಕ ಒದ್ದೆ ಬಟ್ಟೆ ಹಿಡಿದು ನಿಂತಿದ್ದಳು.

"ಡಾಕ್ಟರು ಏನಂದ್ರು?"

"ಶೀತ ಜ್ವರ ಅಂತ ಅಂದ್ಕೊಂಡಿದಾರೆ ಅಕ್ಕ. ಡ್ರಿಪ್ ಹಾಕಿದಾರೆ. ಇಳೀತಾನೇ ಇಲ್ಲ."

"ಘಾನಾದಿಂದ ಬಂದಿದ್ದು ಹೇಳಿದ್ಯಾ?"

ಯುಚಿನ್ ಒದ್ದೆ ಬಟ್ಟೆಯನ್ನು ಮತ್ತೆ ಹಿಂಡತೊಡಗಿದಳು.

"ಕೇಳಿದ್ದೀನಿ ಯುಚಿನ್. ಹೇಳಿದ್ಯಾ ಇಲ್ವಾ?"

"ಎರಡು ಸಲ ಕೇಳಿದ್ರು. ಪಕ್ಕದ ಗುವಾಂಗ್‌ಡೊಂಗಲ್ಲಿ ಕೆಲಸಕ್ಕಿದ್ರು ಅಂತ ಅಂದೆ." ಅವಳ ದನಿ ತಗ್ಗಿತು. "ಪ್ರವಾಸಕ್ಕೆ ಅಂತ ವೀಸಾ ಮಾಡಿಸಿ ಕೆಲಸಕ್ಕೆ ಕರ್ಕೊಂಡು ಹೋಗಿದ್ದಲ್ವಾ? ವಾಪಸ್ ಬಂದ್ಮೇಲೆ ಎಲ್ಲೂ ಬಾಯಿ ಬಿಡಬಾರದು ಅಂತ ಮೋ ಯಜಮಾನ್ರು ಅಂದಿದ್ರು. ಮುಂದಿನ ತಿಂಗಳು ಇನ್ನೊಂದು ತಂಡ ಹೊರಡತ್ತೆ, ಅದಕ್ಕೂ ಇವರೇ ಮೇಸ್ತ್ರಿ. ಹುಷಾರಿದ್ದಾಗ ಇವರೇ ನನ್ನ ಹತ್ರ ಆಣೆ ಹಾಕಿಸ್ಕೊಂಡ್ರು."

"ಮಾತ್ರೆ ನುಂಗ್ತಿದ್ನಾ?"

ಯುಚಿನ್ ಇಲ್ಲವೆಂದು ತಲೆಯಾಡಿಸಿದಳು. ಪೊಟ್ಟಣ ಬಿಚ್ಚದೆ ಹಾಗೇ ಇತ್ತು.

ಅಷ್ಟರಲ್ಲಿ ಯುಚಿನ್‌ಳ ಫೋನ್ ರಿಂಗಾಯಿತು. ಮೋ ದೆಫಾ. ವಿಷಯ ಅವನಿಗೂ ಮುಟ್ಟಿತ್ತು. ಲಿಯನ್‌ಫೆಂಗ್ ಫೋನ್ ಕಸಿದುಕೊಂಡಳು.

"ಅತ್ತಿಗೇನಾ? ಒಳ್ಳೇದಾಯ್ತು. ನೀವು ತಿಳುವಳಿಕಸ್ಥರು," ಎಂದ ಮೋ. ದನಿಗೆ ಜೇನು ಹಚ್ಚಿಕೊಂಡಿದ್ದ. "ದೊಡ್ಡ ಆಸ್ಪತ್ರೆ, ದೊಡ್ಡ ಡಾಕ್ಟರು, ಅವರಿಗೆ ಗೊತ್ತಾಗಲ್ವಾ? ನಾವ್ಯಾಕೆ ಬಾಯಿ ಹಾಕೋದು. ಒಂದು ಮಾತು ಆಚೆ ಹೋದ್ರೆ ಹದಿಮೂರು ಮನೆ ಅನ್ನಕ್ಕೆ ಕಲ್ಲು ಬೀಳತ್ತೆ. ನಿಮ್ಮದೂ ಸೇರಿ."

"ಯಜಮಾನ್ರೇ, ಅವನ ರಕ್ತ ನೋಡಿದ್ರೆ ಗೊತ್ತಾಗತ್ತೆ. ನೋಡಬೇಕು ಅಂತ ಅವರಿಗೆ ಹೊಳೆಯೋದಾದ್ರೂ ಹೇಗೆ? ಈ ಊರಲ್ಲಿ ಈ ರೋಗ ಇಲ್ಲ."

"ಎರಡು ದಿನ ನೋಡೋಣ."

"ಎರಡು ದಿನ ಅವನ ಹತ್ರ ಇಲ್ಲ."

"ನೋಡಿ, ಇನ್ಮೇಲೆ ನನ್ನ ಯಾವ ತಂಡದಲ್ಲೂ ನಿಮಗೆ ಒಲೆ ಇರಲ್ಲ."

"ಒಲೆ ಎಲ್ಲಾದ್ರೂ ಹೂಡ್ತೀನಿ," ಎಂದು ಅವಳು ಫೋನ್ ಇಟ್ಟಳು.

ಯುಚಿನ್ ಬಾಗಿಲಿಗೆ ಅಡ್ಡ ನಿಂತಳು. ಅವಳ ಕಣ್ಣಲ್ಲಿ ನೀರಿತ್ತು. "ಅಕ್ಕ, ಇವರು ಎದ್ದಮೇಲೆ ನನ್ನ ಸುಮ್ನೆ ಬಿಡಲ್ಲ."

"ಏಳಲಿ. ಎದ್ದು ನನ್ನನ್ನ ಬಯ್ಯಲಿ. ನೀನು ಆಣೆ ಮುರೀಬೇಡ, ನಾನಂತೂ ಆಣೆ ಹಾಕಿಲ್ಲ," ಎಂದು ಅವಳ ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಈ ವಯಸ್ಸಲ್ಲಿ ಕೆಲಸ ಹೋದರೆ ಇನ್ನೊಂದು ಸಿಗುವುದು ಎಷ್ಟು ಕಷ್ಟ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕಾಲು ನಿಲ್ಲಲಿಲ್ಲ.

ಡ್ಯೂಟಿಯಲ್ಲಿದ್ದ ಡಾಕ್ಟರಮ್ಮನಿಗೆ ಮೂವತ್ತೂ ದಾಟಿರಲಿಲ್ಲ. ಕಂಪ್ಯೂಟರಿನಿಂದ ತಲೆ ಎತ್ತದೆ, "ಹೇಳಿ ಚಿಕ್ಕಮ್ಮ" ಎಂದಳು.

"ಒಂಬತ್ತನೇ ನಂಬರ್ ಮಂಚದ ಮೆಂಗ್ ಶಾವ್‌ಕುನ್. ಅವನು ಗುವಾಂಗ್‌ಡೊಂಗಿಂದ ಬಂದಿಲ್ಲ. ಘಾನಾದಿಂದ ಬಂದಿದ್ದು. ಎಂಟು ತಿಂಗಳು ನದಿ ಪಕ್ಕ ಮಲಗಿದ್ದ. ಬಂದು ಹನ್ನೆರಡು ದಿನ ಆಯ್ತು. ಬಂದಮೇಲೆ ಮಾತ್ರೆ ಬಿಟ್ಟಿದಾನೆ."

ಡಾಕ್ಟರಮ್ಮನ ಕೈ ಕೀಲಿಮಣೆಯ ಮೇಲೆ ನಿಂತುಬಿಟ್ಟಿತು. "ನಾನು ಎರಡು ಸಲ ಕೇಳಿದ್ನಲ್ಲ!" ಎಂದವಳೇ ಎದ್ದು ನಿಂತು ನರ್ಸನ್ನು ಕೂಗಿದಳು. "ಒಂಬತ್ತನೇ ಮಂಚ, ಈಗಿಂದೀಗ್ಲೇ ರಕ್ತ ತೆಗೀರಿ, ಮಲೇರಿಯಾ ನೋಡ್ಬೇಕು. ಐಸಿಯುಗೆ ಫೋನ್ ಮಾಡಿ."

ಎರಡು ಗೆರೆ ಮೂಡಲು ಹದಿನೈದು ನಿಮಿಷವೂ ಹಿಡಿಯಲಿಲ್ಲ. ಗಾಜಿನ ಮೇಲೆ ರಕ್ತ ಹಚ್ಚಿ ನೋಡಿದರೆ ರಕ್ತದ ಕಣಗಳೊಳಗೆ ಉಂಗುರದ ಆಕಾರದ ರೋಗಾಣುಗಳು. ಇದಕ್ಕೆ ಪಕ್ಕದ ಗುಯಿಲಿನ್‌ನಲ್ಲೇ ತಯಾರಾಗಿ ಆಫ್ರಿಕಾಕ್ಕೆಲ್ಲ ಹೋಗುವ ಇಂಜೆಕ್ಷನ್ ಇದೆ. ಆದರೆ ಇಲ್ಲಿ ಯಾರಿಗೂ ಬೇಕಾಗದ್ದರಿಂದ ಜಿಲ್ಲಾಸ್ಪತ್ರೆಯಲ್ಲಿ ನಾಲ್ಕೇ ಬಾಟಲಿ ಇತ್ತು. ಮೊದಲನೆಯದನ್ನು ಕೊಟ್ಟು, ಇನ್ನೂ ಬೇಕಾಗುವುದನ್ನು ತರಲು ನಾನ್ನಿಂಗ್‌ಗೆ ಗಾಡಿ ಓಡಿಸಿದರು.

ಎರಡು ದಿನ ಗಾಜಿನ ಬಾಗಿಲಿನಾಚೆ ಅವನು ಕಣ್ಣು ಬಿಡಲಿಲ್ಲ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿತ್ತು. ಯುಚಿನ್ ಮತ್ತು ಲಿಯನ್‌ಫೆಂಗ್ ಒಂದೇ ಬೆಂಚಿನಲ್ಲಿ ಕೂತು, ಒಂದೇ ಬಟ್ಟಲಿನ ಗಂಜಿ ಹಂಚಿಕೊಂಡು ಕುಡಿದರು. ಲಿಯನ್‌ಫೆಂಗ್‌ಳ ತಲೆಯಲ್ಲಿ ಒಂದೇ ಲೆಕ್ಕ ಓಡುತ್ತಿತ್ತು. ಇವನೊಬ್ಬ ಬಿಟ್ಟಿದ್ದಾನೆ ಎಂದರೆ ಉಳಿದ ಹನ್ನೊಂದು ಜನರಲ್ಲಿ ಇನ್ನೆಷ್ಟು ಜನ ಬಿಟ್ಟಿರಬೇಕು?

ಫೋನ್ ಮಾಡಿ ನೋಡಿದಳು. ಕೆಲವರು ಎತ್ತಲಿಲ್ಲ. ಎತ್ತಿದವರು ಎಲ್ಲ ಸರಿ ಇದೆ ಅತ್ತಿಗೆ ಎಂದರು. ಮೋ ಅವರಿಗೆಲ್ಲ ಮೊದಲೇ ಹೇಳಿಟ್ಟಿದ್ದ ಎಂಬುದು ದನಿಯಲ್ಲೇ ತಿಳಿಯುತ್ತಿತ್ತು.

ಮೂರನೆಯ ದಿನ ಬೆಳಗ್ಗೆ ಶಾವ್‌ಕುನ್ ಕಣ್ಣು ಬಿಟ್ಟ. ಯುಚಿನ್‌ಳ ಗುರುತು ಹಿಡಿದ. ಆಮೇಲೆ ಅತ್ತಿಗೆಯ ಕಡೆ ತಿರುಗಿ, ಒಣಗಿದ ದನಿಯಲ್ಲಿ, "ಹೇಳಿಬಿಟ್ಯಾ?" ಎಂದು ಕೇಳಿದ.

"ಹೇಳಿದೆ."

"ಕೆಲಸ ಹೋಯ್ತು."

"ಹೋಯ್ತು. ನೀನು ಹೋಗಲಿಲ್ಲ."

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಹೆಗಲು ಅಲುಗುತ್ತಿತ್ತು. ಸಿಟ್ಟೋ ಅಳುವೋ ಅವಳಿಗೆ ತಿಳಿಯಲಿಲ್ಲ, ತಿಳಿದುಕೊಳ್ಳಲು ಕೂರಲೂ ಇಲ್ಲ. ಕೆಳಗೆ ಪಾನ್ ಡಾಕ್ಟರು ತಮ್ಮ ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಕಾಯುತ್ತಿದ್ದರು. ಆಸ್ಪತ್ರೆಯಿಂದ ವರದಿ ಹೋದಮೇಲೆ ಹನ್ನೊಂದು ಜನರನ್ನೂ ಹುಡುಕಿ ನೋಡುವ ಕೆಲಸ ಅವರ ತಲೆಗೆ ಬಿದ್ದಿತ್ತು. ಮನೆಗಳ ದಾರಿ ಗೊತ್ತಿದ್ದದ್ದು ಅವಳಿಗೆ.

ಮೊದಲ ಐದು ಮನೆಗಳಲ್ಲಿ ಐವರೂ ಚೆನ್ನಾಗಿದ್ದರು. ಇಬ್ಬರು ಮಾತ್ರೆ ಬಿಡದೆ ನುಂಗುತ್ತಿದ್ದರು, ಮೂವರು ಮುಖ ಸಣ್ಣಗೆ ಮಾಡಿಕೊಂಡು ಎರಡೂ ಕೈಲಿ ಪೊಟ್ಟಣ ತಂದು ತೋರಿಸಿದರು. ಶಾವ್‌ಕುನ್‌ನ ಸುದ್ದಿ ಕೇಳಿ ಅವಳ ಕಣ್ಣೆದುರಿಗೇ ನುಂಗಿದರು. ಆರನೆಯವನು ಲುವೊ ಪಿಂಗ್. ಮನೆಯಲ್ಲಿರಲಿಲ್ಲ. ಈ ಹಂಗಾಮಿನ ಕೊನೆಯ ಕಬ್ಬು ಕಡಿಯಲು ಹೋಗಿದ್ದ.

ಹೊಲದಲ್ಲಿ ಅವನು ಕಡಿದ ಕಬ್ಬಿನ ರಾಶಿಗೆ ಒರಗಿ ಕುಳಿತಿದ್ದ. ಸುಡುವ ಬಿಸಿಲಲ್ಲಿ ಹತ್ತಿಯ ಕೋಟು ತೊಟ್ಟಿದ್ದ.

"ಏನ್ ಅತ್ತಿಗೆ, ಇಲ್ಲಿಗೂ ಬಂದ್ಯಾ ಬಾಯಿ ತೆಗೆಸೋಕೆ?" ಎಂದು ನಗಲು ಹೋದ. ಹಲ್ಲು ಕಟಕಟ ಅನ್ನುತ್ತಿತ್ತು.

"ಬಾಯಿ ಬೇಡ, ಬೆರಳು ಕೊಡು."

"ನಿನ್ನೆಯಿಂದ ಸ್ವಲ್ಪ ಸುಸ್ತು ಅಷ್ಟೇ. ಇಷ್ಟು ಕಡಿದು ಮುಗಿಸಿ ನಾಳೆ ಬರ್ತೀನಿ. ಸಕ್ಕರೆ ಕಾರ್ಖಾನೆ ಲಾರಿ ಬರತ್ತೆ."

"ಬರಲಿ." ಅವಳು ಅವನ ಕೈಯಿಂದ ಕತ್ತಿ ತೆಗೆದುಕೊಂಡು, ಅವನ ಎದುರಿಗೇ ಕಬ್ಬಿನ ಮೇಲೆ ಕೂತಳು. "ನೀನು ಬೆರಳು ಕೊಡೋವರೆಗೂ ಕೂತಿರ್ತೀನಿ. ಲಾರಿ ಬಂದ್ರೆ ನಮ್ಮಿಬ್ಬರನ್ನೂ ಸೇರಿಸಿ ತುಂಬ್ಕೊಳ್ಳಲಿ."

ಪಾನ್ ಡಾಕ್ಟರು ಸೂಜಿ ಸಿದ್ಧ ಮಾಡಿದರು. ಲುವೊ ಇಬ್ಬರ ಮುಖವನ್ನೂ ಒಮ್ಮೆ ನೋಡಿ, ಕೊನೆಗೆ ಎಡಗೈ ಚಾಚಿದ. ರಕ್ತದ ಹನಿ ಪಟ್ಟಿಯ ಮೇಲೆ ಹರಿಯಿತು. ಮೊದಲನೆಯ ಗೆರೆ ಬಂತು. ಎರಡನೆಯದೂ ಬಂತು, ಸಪೂರವಾಗಿ.

"ನಾನೂ ಹೋಗ್ಬಿಡ್ತೀನಾ ಅತ್ತಿಗೆ?" ಎಂದು ಲುವೊ ಮಗುವಿನ ಹಾಗೆ ಕೇಳಿದ.

"ಎರಡನೇ ದಿನಕ್ಕೇ ಸಿಕ್ಕಿದೀಯ," ಎಂದರು ಡಾಕ್ಟರು. "ಇವತ್ತೇ ಔಷಧಿ ಶುರುವಾದ್ರೆ ವಾರದಲ್ಲಿ ಕತ್ತಿ ಹಿಡೀತೀಯ. ಏಳು."

ಅವನ ತಮ್ಮ ಟ್ರ್ಯಾಕ್ಟರ್ ತಂದ. ಲಿಯನ್‌ಫೆಂಗ್ ಲುವೊನನ್ನು ಹತ್ತಿಸಿ, ಕೋಟಿನ ಗುಂಡಿ ಹಾಕಿ, "ಅಲ್ಲಿ ಮೊದಲು ಏನ್ ಹೇಳ್ತೀಯ?" ಎಂದು ಕೇಳಿದಳು.

"ಘಾನಾ," ಅಂದ ಲುವೊ.

ಟ್ರ್ಯಾಕ್ಟರ್ ಧೂಳೆಬ್ಬಿಸಿ ಹೋಯಿತು. ಅವಳ ಫೋನ್ ರಿಂಗಾಗತೊಡಗಿತು. ಮೋ ದೆಫಾನ ಹೆಸರು ನೋಡಿ ಜೇಬಿಗೆ ಹಾಕಿಕೊಂಡಳು.

"ಯಾರಮ್ಮ ಅದು?" ಎಂದರು ಪಾನ್ ಡಾಕ್ಟರು.

"ಆಮೇಲೆ ನೋಡಿದ್ರಾಯ್ತು," ಎಂದು ಅವಳು ಸ್ಕೂಟರಿನ ಹಿಂದೆ ಹತ್ತಿ ಕೂತಳು. "ಇನ್ನೂ ಐದು ಮನೆ ಇದೆ. ಕಾಲುವೆ ದಾರಿ ಹಿಡೀರಿ, ಅದೇ ಹತ್ರ."